ಸ್ಕಾಟ್ಲೆಂಡಿನ ಹಳೆಯ ಭೂದಾಖಲೆ: ಪದಗಳ ಬಲೆಯಲ್ಲಿ ಸಿಕ್ಕಿಬೀಳದೆ ಓದುವುದು

‘ಸೇಸಿನ್’ ಎಂದ ಕೂಡಲೇ ‘ಜಮೀನು ಕೊಂಡ’ ಎಂದು ಬರೆದುಕೊಳ್ಳಬೇಡಿ. ಹೆಚ್ಚು ಜನ ಎಡವುವುದೇ ಇಲ್ಲಿ. ಸೇಸಿನ್ ಎಂದರೆ ಸ್ವಾಧೀನ ಕೊಟ್ಟದ್ದು, ಅಷ್ಟೇ. ಹಿಂದೆ ಆ ಜಮೀನಿನ ಮೇಲೆಯೇ ನಿಂತು ಹಿಡಿ ಮಣ್ಣು, ಕಲ್ಲು ಕೈಗಿಡುತ್ತಿದ್ದರು. ನೋಟರಿ ಅದನ್ನು ಬರೆದುಕೊಳ್ಳುತ್ತಿದ್ದ. 1845ರ ಕಾಯಿದೆ ಈ ಶಾಸ್ತ್ರದ ಅಗತ್ಯವನ್ನು ತೆಗೆದುಹಾಕಿತು. 1617ರ ಕಾಯಿದೆಯಂತೆ ನೋಂದಣಿಗೆ 60 ದಿನಗಳ ಗಡುವಿತ್ತು. ಹಾಗಾಗಿ ಸ್ವಾಧೀನದ ದಿನ, ನೋಂದಣಿಯ ದಿನ ಎರಡನ್ನೂ ಬೇರೆಬೇರೆ ಗುರುತು ಮಾಡಿಕೊಳ್ಳಿ.

ಮುಂದೆ, ಯಾವ ಪತ್ರದ ಬಲದ ಮೇಲೆ ಸ್ವಾಧೀನ ಸಿಕ್ಕಿತು ಎಂದು ಹುಡುಕಿ. ‘ಡಿಸ್ಪೊಸಿಶನ್’ ಇದ್ದರೆ ಹಕ್ಕು ವರ್ಗಾವಣೆ. ಬಹುಪಾಲು ಮಾರಾಟ, ಆದರೆ ಮಗನಿಗೆ ಬರೆದುಕೊಟ್ಟದ್ದೂ ಇರಬಹುದು. ‘ಕ್ಲೇರ್ ಕಾನ್‌ಸ್ಟಾಟ್’ ಇದ್ದರೆ ಮೇಲಿನ ಭೂಒಡೆಯ ವಾರಸುದಾರನನ್ನು ಒಪ್ಪಿಕೊಂಡಿದ್ದಾನೆ. ವಂಶಾವಳಿ ಹುಡುಕುವವರಿಗೆ ಇದೇ ಚಿನ್ನ. ‘ವಾಡ್‌ಸೆಟ್’ ಎಂದರೆ ಭೋಗ್ಯ: ಸಾಲ ತೀರಿದರೆ ಜಮೀನು ವಾಪಸು. ಇದನ್ನು ಕ್ರಯವೆಂದು ಓದಿದರೆ, ಮುಂದಿನ ತಲೆಮಾರಿನಲ್ಲಿ ಹಳೆಯ ಮನೆತನದ ಹೆಸರೇ ಮತ್ತೆ ಕಂಡಾಗ ಲೆಕ್ಕ ತಪ್ಪುತ್ತದೆ.

ವಿಚಿತ್ರ ಪದಗಳಿಗಿಂತ ಪರಿಚಿತ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ‘ಫೀ’ ಇಲ್ಲಿ ಶುಲ್ಕವಲ್ಲ, ಪೂರ್ಣ ಒಡೆತನ. ‘ಲೈಫ್‌ರೆಂಟ್’ ಬಾಡಿಗೆಯಲ್ಲ, ಬದುಕಿರುವವರೆಗೆ ಅನುಭವಿಸುವ ಹಕ್ಕು; ಮಾರುವ ಅಧಿಕಾರ ಅದರಲ್ಲಿಲ್ಲ. ವಿಧವೆಯರ ಹೆಸರಿನ ಜೊತೆ ಇದು ಪದೇಪದೇ ಬರುತ್ತದೆ. ‘ಗುಡ್‌ಬ್ರದರ್’ ಒಳ್ಳೆಯ ಅಣ್ಣನಲ್ಲ, ಭಾವ ಅಥವಾ ಮೈದುನ. ಫ್ಯೂ ಹಿಡುವಳಿ, ಅಂದರೆ ಮೇಲಿನ ಭೂಒಡೆಯನ ಕೆಳಗೆ ಪಡೆದ ಜಮೀನು, ಕೊಂಡವನೂ ಆ ಒಡೆಯನಿಗೆ ವರ್ಷವರ್ಷ ‘ಫ್ಯೂ ಡ್ಯೂಟಿ’ ಕಟ್ಟಬೇಕಿತ್ತು. ಈ ಊಳಿಗಮಾನ್ಯ ಪದ್ಧತಿ ಕೊನೆಗೊಂಡದ್ದು 2004ರ ನವೆಂಬರ್ 28ರಂದು.

ಕಾಗುಣಿತದಲ್ಲಿ ಎರಡು ಗುಟ್ಟುಗಳಿವೆ. ‘ಕ್ಯೂ-ಯು-ಎಚ್’ ಒಟ್ಟಿಗಿದ್ದರೆ ‘ವ್ಹ’ ಎಂದು ಓದಿ. ‘ಅಮ್‌ವ್ಹೈಲ್’ (umquhile) ಎಂಬ ಪದ ಹೆಸರಿಗೆ ಅಂಟಿದ್ದರೆ ಆತ ದಿವಂಗತ. ‘ಟೇಲ್ಯಿ’ (tailzie) ಪದದಲ್ಲಿ ಕಾಣುವ ಝಡ್ ನಿಜಕ್ಕೂ ಝಡ್ ಅಲ್ಲ, ಹಳೆಯ ‘ಯ’ಕಾರ. ಟೇಲ್ಯಿ ಎಂದರೆ, ಆಸ್ತಿ ಗೊತ್ತುಮಾಡಿದ ವಾರಸುದಾರರ ಸಾಲಿನಲ್ಲೇ ಇಳಿಯುವಂತೆ ಕಟ್ಟಿಹಾಕುವ ಪತ್ರ.

ಹಣ: 1 ಮರ್ಕ್ ಅಂದರೆ 13 ಶಿಲಿಂಗ್ 4 ಪೆನ್ಸ್, ಅದೂ ಸ್ಕಾಟ್ಸ್ ನಾಣ್ಯದಲ್ಲಿ. 17ನೇ ಶತಮಾನದಲ್ಲಿ 12 ಸ್ಕಾಟ್ಸ್ ಪೌಂಡಿಗೆ 1 ಸ್ಟರ್ಲಿಂಗ್ (ಇಂಗ್ಲೆಂಡಿನ) ಪೌಂಡ್. ಅಂದರೆ 1,000 ಮರ್ಕ್ ಸುಮಾರು 55 ಪೌಂಡ್ 11 ಶಿಲಿಂಗ್ ಸ್ಟರ್ಲಿಂಗ್ ಮಾತ್ರ.

ತಾರೀಖು: ಸ್ಕಾಟ್ಲೆಂಡಿನಲ್ಲಿ ಜನವರಿ 1 ಹೊಸವರ್ಷವಾದದ್ದು 1600ರಲ್ಲಿ. ಅದಕ್ಕೂ ಮೊದಲು ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪತ್ರದಲ್ಲಿ 1590ರ ಫೆಬ್ರವರಿ ಎಂದಿದ್ದರೆ ಅದನ್ನು 1591 ಎಂದು ಬರೆದುಕೊಳ್ಳಿ.