ಮುಂಬಯಿಯ ಅಡುಗೆಮನೆಯಲ್ಲಿ ಹೊಗೆಯ ಘಮದ ಬಾರ್ಬೆಕ್ಯೂ ಚಿಕನ್ ಲೋಡೆಡ್ ಫ್ರೈಸ್

ಅಂಧೇರಿಯಿಂದ ಠಾಣೆಯವರೆಗೆ ಯಾವ ಮಾಲಿನ ಫುಡ್‌ಕೋರ್ಟಿಗೆ ಹೋದರೂ ಲೋಡೆಡ್ ಫ್ರೈಸ್ ಕಣ್ಣಿಗೆ ಬೀಳುತ್ತದೆ. ಗರಿಗರಿಯಾದ ಬಟಾಟೆಯ ಕಡ್ಡಿಗಳು, ಅವುಗಳ ಮೇಲೆ ಚೀಸ್ ಸಾಸ್, ಹೊಗೆಯ ವಾಸನೆ ಹಿಡಿದ ಚಿಕನ್, ಕೊನೆಗೆ ಕಂದುಬಣ್ಣದ ಸಿಹಿಹುಳಿ ಬಾರ್ಬೆಕ್ಯೂ ಸಾಸ್. ಮನೆಯಲ್ಲಿ ಇದನ್ನು ಮಾಡಹೊರಟವರಲ್ಲಿ ಹೆಚ್ಚಿನವರ ದೂರು ಒಂದೇ ಬಗೆಯದು: ರುಚಿಯೇನೋ ಬಂತು, ಫ್ರೈಸ್ ಮಾತ್ರ ಮೆತ್ತಗಾಯಿತು. ಹೋಟೆಲಿನವರು ಪ್ರತಿಯೊಂದು ಭಾಗವನ್ನೂ ಬೇರೆ ಬೇರೆ ಹೊತ್ತಿನಲ್ಲಿ ಅಣಿಮಾಡಿಟ್ಟು, ಗಿರಾಕಿ ಬಂದು ಕುಳಿತ ಮೇಲಷ್ಟೇ ಎಲ್ಲವನ್ನೂ ತಟ್ಟೆಯಲ್ಲಿ ಒಂದುಗೂಡಿಸುತ್ತಾರೆ. ಒದ್ದೆಯ ಪದಾರ್ಥಕ್ಕೂ ಒಣ ಪದಾರ್ಥಕ್ಕೂ ಭೇಟಿಯಾಗಲು ಅವರು ಕೊಡುವ ಅವಧಿ ಕೆಲವೇ ನಿಮಿಷಗಳದ್ದು. ಮನೆಯಲ್ಲೂ ಇದೇ ಕ್ರಮವನ್ನು ಅನುಸರಿಸಬೇಕು. ಇಲ್ಲಿ ಕೊಟ್ಟಿರುವ ಅಳತೆ ನಾಲ್ಕು ಜನರಿಗೆ ಸಾಲುತ್ತದೆ.

ಮೊದಲು ಬಾರ್ಬೆಕ್ಯೂ ಸಾಸ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಹಿಂದಿನ ದಿನವೇ ಮಾಡಿದರೆ ಅದರ ರುಚಿ ಇನ್ನಷ್ಟು ಹದವಾಗಿ ಕೂಡಿಕೊಳ್ಳುತ್ತದೆ. ನಮ್ಮ ಹೋಟೆಲುಗಳಲ್ಲಿ ಸಿಗುವ ದಪ್ಪನೆಯ ಸಿಹಿ ಸಾಸ್ ಅಮೆರಿಕದ ಕಾನ್ಸಾಸ್ ಸಿಟಿ ಶೈಲಿಗೆ ಹತ್ತಿರವಾದದ್ದು. ಅಲ್ಲಿ ಟೊಮ್ಯಾಟೊ ಜೊತೆಗೆ ಕಬ್ಬಿನ ಕಾಕಂಬಿಯನ್ನು ಬಳಸುತ್ತಾರೆ. ಕಾಕಂಬಿಯ ಬದಲಿಗೆ ಕೊಲ್ಹಾಪುರದ ಗಾಢ ಬಣ್ಣದ ಬೆಲ್ಲ ಚೆನ್ನಾಗಿ ಹೊಂದುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿಯನ್ನೂ ಐದಾರು ಎಸಳು ಬೆಳ್ಳುಳ್ಳಿಯನ್ನೂ ಕೆಂಪಗೆ ಹುರಿದು, 150 ಗ್ರಾಂ ಟೊಮ್ಯಾಟೊ ಕೆಚಪ್, ಎರಡು ದೊಡ್ಡ ಚಮಚ ಪುಡಿ ಬೆಲ್ಲ, ಒಂದೂವರೆ ದೊಡ್ಡ ಚಮಚ ವಿನಿಗರ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಸಾಸಿವೆ ಪುಡಿ, ಎರಡು ಸಣ್ಣ ಚಮಚ ಬ್ಯಾಡಗಿ ಮೆಣಸಿನ ಪುಡಿ ಮತ್ತು ಅರ್ಧ ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಬೇಕು. ಬ್ಯಾಡಗಿಯ ಬಣ್ಣ ಹೆಚ್ಚು, ಖಾರ ಕಡಿಮೆ. ಹೀಗಾಗಿ ಸಾಸ್ ಉರಿಯದೆ ಕೆಂಪಾಗುತ್ತದೆ. ಇಳಿಸುವ ಮುನ್ನ ಒಂದು ದೊಡ್ಡ ಚಮಚ ಫಿಲ್ಟರ್ ಕಾಫಿಯ ಡಿಕಾಕ್ಷನ್ ಹಾಕಿ ನೋಡಿ: ಅದರ ಮೆಲುಕಹಿ ಬೆಲ್ಲದ ಸಿಹಿಯನ್ನು ಹತೋಟಿಯಲ್ಲಿಡುತ್ತದೆ. ಸೌಟಿನ ಬೆನ್ನಿಗೆ ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಕೂಡಿಕೊಳ್ಳದೆ ಹಾಗೇ ನಿಂತರೆ ಹದ ಸರಿಯಾಗಿದೆ. ಆರಿದ ಮೇಲೆ ಇದನ್ನು ನುಣ್ಣಗೆ ರುಬ್ಬಿಕೊಳ್ಳಬಹುದು.

ಚಿಕನ್‌ಗೆ ಎದೆಯ ಭಾಗಕ್ಕಿಂತ ತೊಡೆಯ ಭಾಗವೇ ಮೇಲು. ಕೊಬ್ಬಿನಂಶ ಹೆಚ್ಚಿರುವುದರಿಂದ ತುಸು ಹೆಚ್ಚು ಬೆಂದರೂ ಅದು ಬಿರುಸಾಗುವುದಿಲ್ಲ, ಮತ್ತು ಹೊಗೆಯ ಪರಿಮಳ ಕೊಬ್ಬಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮೂಳೆ ತೆಗೆದ 500 ಗ್ರಾಂ ತೊಡೆಯ ಮಾಂಸಕ್ಕೆ ಒಂದು ಸಣ್ಣ ಚಮಚ ಉಪ್ಪು, ಎರಡು ಸಣ್ಣ ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಬೆಳ್ಳುಳ್ಳಿ ಪೇಸ್ಟ್, ಅರ್ಧ ನಿಂಬೆಯ ರಸ ಮತ್ತು ಒಂದು ದೊಡ್ಡ ಚಮಚ ಎಣ್ಣೆ ಹಚ್ಚಿ ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ಮೊಸರು ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಆದರೆ ಈ ತಿನಿಸಿಗೆ ಅದು ಬೇಡ; ಮೊಸರಿನ ನೀರು ಬಿಟ್ಟುಕೊಂಡು ಮಾಂಸ ಸುಡುವ ಬದಲು ಬೇಯತೊಡಗುತ್ತದೆ, ರುಚಿಯೂ ಟಿಕ್ಕಾದ ಕಡೆಗೆ ವಾಲುತ್ತದೆ. ಕಬ್ಬಿಣದ ತವಾ ಚೆನ್ನಾಗಿ ಕಾದ ಮೇಲೆ ತುಂಡುಗಳನ್ನು ಹರಡಿ, ಒಂದೊಂದು ಬದಿಯನ್ನು ಐದಾರು ನಿಮಿಷ ಅಲುಗಾಡಿಸದೆ ಬಿಟ್ಟು ಕಂದುಗಟ್ಟಿಸಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಐದು ನಿಮಿಷ ಬಿಟ್ಟು ಸಣ್ಣಗೆ ಕೊಚ್ಚಿ, ಮಾಡಿಟ್ಟ ಸಾಸಿನ ಅರ್ಧಭಾಗದೊಂದಿಗೆ ಕಲಸಿಡಿ. ಒಣ ಮಾಂಸಕ್ಕಿಂತ ಸಾಸ್ ಹತ್ತಿದ ಒದ್ದೆ ಮಾಂಸಕ್ಕೆ ಹೊಗೆ ಚೆನ್ನಾಗಿ ಹಿಡಿಯುತ್ತದೆ.

ಇನ್ನು ಹೊಗೆಯ ವಿಚಾರ. ಕೆಂಡದ ಮೇಲೆ ತುಪ್ಪ ಸುರಿದು ಪಾತ್ರೆ ಮುಚ್ಚುವ ಧುಂಗಾರ್ ವಿಧಾನವನ್ನು ಹೆಚ್ಚಿನವರು ಬಲ್ಲರು. ಅಲ್ಲಿ ಬರುವ ಹೊಗೆ ಮುಖ್ಯವಾಗಿ ಸುಟ್ಟ ತುಪ್ಪದ್ದು. ಬಾರ್ಬೆಕ್ಯೂ ಘಮ ಹುಟ್ಟುವುದು ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ಅಂಶ ಸುಡುವಾಗ. ಇದ್ದಿಲಾಗುವ ಹೊತ್ತಿಗೆ ಆ ಅಂಶ ಬಹುಪಾಲು ಕಳೆದುಹೋಗಿರುತ್ತದೆ. ಅದಕ್ಕಾಗಿ ಅಮೆರಿಕದವರು ಬಾರ್ಬೆಕ್ಯೂಗೆ ಬಳಸುವ ಹಿಕರಿ ಮರದ ಚಕ್ಕೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕರಾವಳಿಯವರ ಮನೆಯಲ್ಲಿ ದಿನವೂ ತೆಂಗಿನಕಾಯಿ ಒಡೆಯುತ್ತಾರಲ್ಲ, ಅದರ ಗೆರಟೆಯಲ್ಲಿ ಲಿಗ್ನಿನ್ ಧಾರಾಳವಾಗಿದೆ. ನಾರು ಕೆರೆದು ಬಿಸಿಲಿಗೆ ಒಣಗಿಸಿದ ಗೆರಟೆಯನ್ನು ಹೆಬ್ಬೆರಳಿನ ಉಗುರಿನಷ್ಟು ಚೂರುಗಳಾಗಿ ಒಡೆದಿಟ್ಟುಕೊಳ್ಳಿ. ಹಸಿ ಗೆರಟೆ ಕಣ್ಣುರಿಯುವ ಕಹಿ ಹೊಗೆ ಬಿಡುತ್ತದೆ.

ಇದ್ದಿಲು ಸಿಗದಿದ್ದರೆ ಕಟ್ಟಡದ ಕೆಳಗೆ ಇಸ್ತ್ರಿ ಹಾಕುವವರನ್ನು ಕೇಳಬಹುದು. ಆದರೆ ಅದು ಕಟ್ಟಿಗೆಯ ಇದ್ದಿಲೇ ಆಗಿರಬೇಕು, ಕಲ್ಲಿದ್ದಲು ಅಡುಗೆಗೆ ಸಲ್ಲದು. ಎರಡು ತುಂಡು ಇದ್ದಿಲನ್ನು ಫುಲ್ಕಾ ಸುಡುವ ಜಾಳಿಗೆಯ ಮೇಲಿಟ್ಟು ಗ್ಯಾಸಿನ ಉರಿಯಲ್ಲಿ ಪೂರ್ತಿ ಕೆಂಪಾಗುವವರೆಗೆ ಕಾಯಿಸಿ. ಅಗಲವಾದ ಪಾತ್ರೆಯಲ್ಲಿ ಚಿಕನ್ ಹರಡಿ, ನಡುವೆ ಚಿಕ್ಕ ಸ್ಟೀಲ್ ಬಟ್ಟಲಿಟ್ಟು, ಇಕ್ಕಳದಿಂದ ಕೆಂಡವನ್ನು ಅದರೊಳಗೆ ಇಳಿಸಿ, ಮೇಲೆ ನಾಲ್ಕೈದು ಚೂರು ಗೆರಟೆಯನ್ನೂ ಅರ್ಧ ಚಮಚ ತುಪ್ಪವನ್ನೂ ಹಾಕಿದ ಕೂಡಲೇ ಮುಚ್ಚಳ ಬಿಗಿಯಾಗಿ ಮುಚ್ಚಬೇಕು. ಏಳೆಂಟು ನಿಮಿಷ ಸಾಕು. ಹೆಚ್ಚು ಹೊತ್ತು ಇಟ್ಟರೆ ಘಮ ಹೆಚ್ಚುವುದಿಲ್ಲ, ಕಹಿ ಹತ್ತುತ್ತದೆ. ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಕಿಟಕಿಗಳನ್ನು ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡೇ ಈ ಕೆಲಸ ಮಾಡಬೇಕು, ಕೆಲಸ ಮುಗಿದೊಡನೆ ಕೆಂಡವನ್ನು ನೀರಿನಲ್ಲಿ ಮುಳುಗಿಸಿ ಆರಿಸಬೇಕು. ಮಾಂಸಾಹಾರ ಸೇರದ ಸೊಸೈಟಿಗಳಲ್ಲಿ ಇರುವವರು ಮುಚ್ಚಳವನ್ನು ಪ್ಯಾಸೇಜಿನ ಕಡೆಯ ಬಾಗಿಲು ಮುಚ್ಚಿದ ಮೇಲೆ ತೆರೆಯುವುದು ನೆರೆಹೊರೆಯ ದೃಷ್ಟಿಯಿಂದ ಕ್ಷೇಮ. ಫ್ರೈಸ್‌ಗೆ ಮಾತ್ರ ಹೊಗೆ ಕೊಡಬಾರದು. ಮುಚ್ಚಿದ ಪಾತ್ರೆಯ ಹಬೆ ಅದರ ಗರಿಯನ್ನು ಕೆಡಿಸುತ್ತದೆ.

ಬಟಾಟೆಯನ್ನು ಆರಿಸುವಲ್ಲೇ ಅರ್ಧ ಕೆಲಸವಿದೆ. ಪಿಷ್ಟ ಹೆಚ್ಚಿರುವ, ನೀರು ಕಡಿಮೆಯಿರುವ ಬಟಾಟೆ ಬೇಕು. ವೇಫರ್ ಮಾಡಲು ಬೇಕೆಂದು ಹೇಳಿದರೆ ಅನುಭವಿ ವ್ಯಾಪಾರಿ ತಾನೇ ಆರಿಸಿಕೊಡುತ್ತಾನೆ. ಅನುಮಾನವಿದ್ದರೆ ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಬಟಾಟೆಯನ್ನು ಬಿಡಿ: ಮುಳುಗುವುದು ಹಿಟ್ಟಿನಂಶದ್ದು, ತೇಲುವುದು ಪಲ್ಯಕ್ಕೆ ಸಾಕು. ಶೀತಲಗೃಹದಿಂದ ಬಂದ ಬಟಾಟೆಯಲ್ಲಿ ಪಿಷ್ಟ ಸಕ್ಕರೆಯಾಗಿ ಬದಲಾಗಿರುವುದರಿಂದ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿಟ್ಟರೂ ಇದೇ ಗತಿ. ತಂದ ಬಟಾಟೆಯನ್ನು ಕತ್ತಲಿರುವ, ಗಾಳಿಯಾಡುವ ಬುಟ್ಟಿಯಲ್ಲಿ ವಾರವೆರಡು ವಾರ ಇಟ್ಟರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ಒಂದು ಕಿಲೋ ಬಟಾಟೆಯ ಸಿಪ್ಪೆ ತೆಗೆದು ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಗಳಾಗಿ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನಿಗರ್ ಮತ್ತು ಉಪ್ಪು ಹಾಕಿ ಕಡ್ಡಿಗಳನ್ನು ಏಳೆಂಟು ನಿಮಿಷ ಕುದಿಸಿ. ಹುಳಿಯಿಂದಾಗಿ ಅವು ಮೆತ್ತಗಾದರೂ ಮುರಿಯುವುದಿಲ್ಲ. ಬಸಿದು ಹತ್ತಿಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಹರಡಿ. ಜುಲೈ ಮಳೆಯಲ್ಲಿ ಮುಂಬಯಿಯ ಗಾಳಿಯೇ ಒದ್ದೆಯಾಗಿರುವುದರಿಂದ ಬೇರೆ ದಿನಗಳಿಗಿಂತ ದುಪ್ಪಟ್ಟು ಹೊತ್ತು ಹಿಡಿಯಬಹುದು, ಅವಸರ ಸಲ್ಲದು. ಮುಟ್ಟಿದಾಗ ಬೆರಳಿಗೆ ಪಸೆ ತಗಲಬಾರದು. ಆಮೇಲೆ 150 ಡಿಗ್ರಿಯ ಎಣ್ಣೆಯಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರುವ ಮುನ್ನವೇ ತೆಗೆಯುವಂತೆ ಕರಿದು, ತಂತಿಜಾಲರಿಯ ಮೇಲೆ ಕನಿಷ್ಠ ಅರ್ಧ ಗಂಟೆ ಆರಬಿಡಿ. ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರೆ ಇನ್ನೂ ಒಳ್ಳೆಯದು. ಮಂಜಿನ ಹರಳುಗಳು ಒಳಗಿನ ಕೋಶಗಳನ್ನು ಒಡೆದು, ಎರಡನೆಯ ಸಲ ಕರಿಯುವಾಗ ನೀರು ಸಲೀಸಾಗಿ ಹೊರಬರುತ್ತದೆ.

ಎರಡನೆಯ ಸಲ ಕರಿಯುವುದು ಎಲ್ಲರೂ ಊಟಕ್ಕೆ ಕುಳಿತ ಮೇಲೆಯೇ. 190 ಡಿಗ್ರಿಯ ಎಣ್ಣೆಗೆ ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ಹಾಕದೆ ಮೂರು ನಿಮಿಷ ಕರಿಯಬೇಕು. ಮೊದಲು ಭೋರೆಂದು ಏಳುವ ಗುಳ್ಳೆಗಳು ಕಡಿಮೆಯಾಗಿ, ಜಾಲರಿ ಸೌಟನ್ನು ಅಲುಗಾಡಿಸಿದಾಗ ಕಡ್ಡಿಗಳು ಒಂದಕ್ಕೊಂದು ತಾಗಿ ಒಣ ಸದ್ದು ಮಾಡಿದರೆ ತೆಗೆದು ಕೂಡಲೇ ಉಪ್ಪು ಉದುರಿಸಿ. ಅಂಗಡಿಯ ಫ್ರೋಜನ್ ಫ್ರೈಸ್ ಈಗಾಗಲೇ ಒಮ್ಮೆ ಕರಿದದ್ದೇ ಆದ್ದರಿಂದ ಅದನ್ನು ಕರಗಲು ಬಿಡದೆ ನೇರವಾಗಿ 180 ಡಿಗ್ರಿಯ ಎಣ್ಣೆಗೆ ಹಾಕಬಹುದು; ಆತುರದ ದಿನ ಅದನ್ನು ಬಳಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಚೀಸ್ ಸಾಸ್ ಹತ್ತು ನಿಮಿಷದ ಕೆಲಸ. 20 ಗ್ರಾಂ ಬೆಣ್ಣೆಯಲ್ಲಿ 20 ಗ್ರಾಂ ಮೈದಾವನ್ನು ಹಸಿವಾಸನೆ ಹೋಗುವಷ್ಟು ಹುರಿದು, 300 ಮಿಲಿಲೀಟರ್ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಗಂಟಿಲ್ಲದಂತೆ ಕಲಕಿ, ಗಟ್ಟಿಯಾದ ಮೇಲೆ ಉರಿ ಆರಿಸಿ 120 ಗ್ರಾಂ ತುರಿದ ಪ್ರೊಸೆಸ್ಡ್ ಚೀಸ್ ಹಾಕಿ. ಬರೀ ಮೊಜರೆಲ್ಲಾ ಹಾಕಿದರೆ ನಾರುನಾರಾಗಿ ಎಳೆಯುತ್ತದೆ. ಪ್ರೊಸೆಸ್ಡ್ ಚೀಸಿನಲ್ಲಿರುವ ಲವಣಗಳು ಕೊಬ್ಬು ಬೇರ್ಪಡದಂತೆ ತಡೆಯುತ್ತವೆ. ಉಪ್ಪು ಮತ್ತೆ ಬೇಡ.

ಬಿಸಿ ಮಾಡಿದ ಕಬ್ಬಿಣದ ತವಾ ಅಥವಾ ಸಿಜ್ಲರ್ ತಟ್ಟೆಯ ಮೇಲೆ ಅರ್ಧದಷ್ಟು ಫ್ರೈಸ್ ಹರಡಿ, ತೆಳುವಾಗಿ ಚೀಸ್ ಸಾಸ್ ಸುರಿದು, ಸ್ವಲ್ಪ ಚಿಕನ್ ಹಾಕಿ. ಉಳಿದ ಫ್ರೈಸ್ ಇಟ್ಟು ಮತ್ತೆ ಅದೇ ಕ್ರಮ. ಒಂದೇ ಪದರ ಮಾಡಿದರೆ ಮೇಲಿನವರಿಗೆ ಎಲ್ಲ, ಕೆಳಗಿನವರಿಗೆ ಬರೀ ಬಟಾಟೆ. ಕೊನೆಗೆ ಉಳಿದ ಬಾರ್ಬೆಕ್ಯೂ ಸಾಸನ್ನು ಎಳೆಯಾಗಿ ಬಿಟ್ಟು, ವಿನಿಗರಿನಲ್ಲಿ ನೆನೆಸಿದ ಈರುಳ್ಳಿ, ಈರುಳ್ಳಿ ಸೊಪ್ಪು ಮತ್ತು ಹಸಿಮೆಣಸಿನ ಬಿಲ್ಲೆಗಳನ್ನು ಉದುರಿಸಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಪನೀರ್ ಅಥವಾ ಅಣಬೆಗೆ ಬೇರೆ ಪಾತ್ರೆಯಲ್ಲಿ ಇದೇ ಹೊಗೆ ಕೊಡಬಹುದು.

ಜೋಡಿಸಿದ ತಟ್ಟೆಯನ್ನು ಏಳೆಂಟು ನಿಮಿಷದೊಳಗೆ ಮುಗಿಸಬೇಕು, ಮತ್ತೆ ಬಿಸಿ ಮಾಡಿದರೆ ಅದು ಸುಧಾರಿಸುವುದಿಲ್ಲ. ಜೋಡಿಸದೆ ಉಳಿದ ಚಿಕನ್ ಫ್ರಿಜ್ಜಿನಲ್ಲಿ ಎರಡು ದಿನ ಕೆಡದೆ ಇರುತ್ತದೆ. ಮರುದಿನ ಬೆಣ್ಣೆ ಹಚ್ಚಿ ಕಾಯಿಸಿದ ಪಾವಿನ ನಡುವೆ ಅದನ್ನು ಇಟ್ಟುಕೊಂಡರೆ ಬೆಳಗಿನ ತಿಂಡಿಯೂ ಆಯಿತು.