ಬೆಂಗಳೂರಿನ ಸುತ್ತಲ ಬಂಡೆ ಬೆಟ್ಟಗಳು: ಹತ್ತುವುದು, ಅದಕ್ಕಿಂತ ಮುಖ್ಯವಾಗಿ ಇಳಿಯುವುದು

ಬೆಂಗಳೂರಿನಿಂದ ಎರಡು ಗಂಟೆ ದಾರಿಯೊಳಗಿನ ಬೆಟ್ಟಗಳು ಎತ್ತರದಿಂದ ಹೆದರಿಸುವಂಥವಲ್ಲ. ನಗರವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸಾವನದುರ್ಗ 1,226 ಮೀಟರ್, ಶಿವಗಂಗೆ 1,368, ನಂದಿ 1,478. ಸಾವನದುರ್ಗದ ಬುಡದಿಂದ ತುದಿಗೆ ಏರು ಸುಮಾರು 400 ಮೀಟರ್ ಅಷ್ಟೆ. ಆದರೂ ಇಲ್ಲಿ ಜನ ಜಾರಿ ಬೀಳುತ್ತಾರೆ, ದಾರಿ ತಪ್ಪುತ್ತಾರೆ, ಬಿಸಿಲಿಗೆ ತಲೆಸುತ್ತಿ ಕೂರುತ್ತಾರೆ. ತೊಂದರೆ ಶುರುವಾಗುವುದು ಸಾಮಾನ್ಯವಾಗಿ ತುದಿ ಮುಟ್ಟಿ, ಫೋಟೊ ತೆಗೆದು, ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡ ಮೇಲೆ. ಆದ್ದರಿಂದ ಈ ಬೆಟ್ಟಗಳಿಗೆ ಹೊರಡುವವರು ಇಳಿಯುವ ಹೊತ್ತನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಯಾವ ಬೆಟ್ಟ, ಯಾರಿಗೆ

ಮೊದಲ ಸಲ ಹೋಗುವವರಿಗೆ ಶಿವಗಂಗೆ ಒಳ್ಳೆಯದು. ತುಮಕೂರು ರಸ್ತೆಯ ದಾಬಸ್‌ಪೇಟೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಆಟೊ ಹಿಡಿದರೆ ಬೆಟ್ಟದ ಬುಡ. ದಾರಿಯುದ್ದಕ್ಕೂ ಮೆಟ್ಟಿಲು, ಗಂಗಾಧರೇಶ್ವರನ ಗುಡಿ, ಒಳಕಲ್ ತೀರ್ಥ, ನಡುವೆ ಮಜ್ಜಿಗೆ–ಸೌತೆಕಾಯಿ ಅಂಗಡಿಗಳು. ದಾರಿ ತಪ್ಪುವ ಮಾತಿಲ್ಲ. ಆದರೆ ಕೊನೆಯ ಭಾಗದಲ್ಲಿ ಬಂಡೆಯಲ್ಲೇ ಕೊರೆದ ಕಡಿದಾದ ಮೆಟ್ಟಿಲುಗಳಿವೆ. ಕಂಬಿ ಹಿಡಿದೇ ಹತ್ತಬೇಕು. ಎತ್ತರ ಕಂಡರೆ ಕಾಲು ನಡುಗುವವರು ಅಲ್ಲಿಂದಲೇ ಹಿಂತಿರುಗಿದರೆ ಅವಮಾನವೇನಿಲ್ಲ.

ನಂದಿಗೆ ಕಾರಿನಲ್ಲಿ ಹೋದರೆ ಅದು ಚಾರಣವಲ್ಲ, ಪಾರ್ಕಿಂಗ್ ಹುಡುಕಾಟ. ಬುಡದ ಸುಲ್ತಾನಪೇಟೆಯಿಂದ ಹಳೆಯ ಮೆಟ್ಟಿಲು ದಾರಿ ಇದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹಕ್ಕಿ ನೋಡುವವರಿಗೂ ಅದೇ ಸರಿ: ಹಳದಿ ಕೊರಳಿನ ಪಿಕಳಾರ ಬಂಡೆ ಮತ್ತು ಕುರುಚಲು ಸೇರುವ ಕಡೆ ಇರುವ ಹಕ್ಕಿ, ತುದಿಯ ತೋಟದಲ್ಲಿ ಕಾದರೆ ಸಿಕ್ಕುವುದು ಕಷ್ಟ.

ರಾಮನಗರದ ರಾಮದೇವರ ಬೆಟ್ಟ ಚಿಕ್ಕದು, ಮಕ್ಕಳನ್ನು ಕರೆದೊಯ್ಯಬಹುದು. ರೈಲು ನಿಲ್ದಾಣದಿಂದ ಆಟೊದಲ್ಲಿ ಹೋಗುವಷ್ಟು ದೂರ. 2012ರಲ್ಲಿ ಅದನ್ನು ರಣಹದ್ದು ಧಾಮವಾಗಿ ಘೋಷಿಸಲಾಗಿದೆ. ಹದ್ದುಗಳು ಗೂಡು ಕಟ್ಟುವುದು ಕಡಿದಾದ ಬಂಡೆಮುಖದಲ್ಲಿ, ಆ ಕಡೆ ಹೋಗದೆ ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಕೋಲಾರದ ಅಂತರಗಂಗೆಯಲ್ಲಿ ಕಾಶಿ ವಿಶ್ವೇಶ್ವರ ಗುಡಿಯವರೆಗೆ ಮೆಟ್ಟಿಲು. ಅದರ ಮೇಲಿನ ಬಂಡೆ ಸಂದಿಗಳು ಮತ್ತು ಗವಿಗಳಿಗೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ನುಗ್ಗಬೇಡಿ. ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗ ಮತ್ತು ಚಿಕ್ಕಬಳ್ಳಾಪುರದ ಸ್ಕಂದಗಿರಿ ನಡುಮಟ್ಟದವು. ಮಾಕಳಿದುರ್ಗಕ್ಕೆ ರೈಲಿನಲ್ಲೂ ಹೋಗಬಹುದು. ಆದರೆ ಹಳಿಯ ಮೇಲೆ ನಡೆದು ಫೋಟೊ ತೆಗೆಯುವುದು ಅಪರಾಧ, ಜೀವಕ್ಕೂ ಅಪಾಯ.

ಸಾವನದುರ್ಗವನ್ನು ಕೊನೆಗಿಟ್ಟುಕೊಳ್ಳಿ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಗುಡ್ಡಗಳಲ್ಲಿ ಜನ ಹತ್ತುವುದು ಕರಿಗುಡ್ಡವನ್ನು. ಅಲ್ಲಿ ಮೆಟ್ಟಿಲಿಲ್ಲ, ಬುಡದಿಂದ ತುದಿಯವರೆಗೆ ಬಹುತೇಕ ಬರಿಯ ಹಾಸುಬಂಡೆ. ಕನಕಪುರದ ಆಚೆಯ ಬಿಳಿಕಲ್ ರಂಗಸ್ವಾಮಿ ಬೆಟ್ಟದಂಥ ಕಡೆ ಆನೆ ಓಡಾಡುತ್ತದೆ. ಅನುಮತಿ ಇಲ್ಲದೆ, ಗೈಡ್ ಇಲ್ಲದೆ ಅತ್ತ ತಲೆ ಹಾಕಬೇಡಿ.

ಟಿಕೆಟ್ ಮೊದಲು, ಬಸ್ ಆಮೇಲೆ

ಅರಣ್ಯ ಇಲಾಖೆಯ ಕೈಯಲ್ಲಿರುವ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬೇಕು. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ–ಭಾನುವಾರದ ಜಾಗ ಬೇಗ ತುಂಬುತ್ತದೆ. ಬುಕ್ ಮಾಡಿದ ಗುರುತಿನ ಚೀಟಿಯನ್ನೇ ಕೈಯಲ್ಲಿಟ್ಟುಕೊಳ್ಳಿ. ಒಬ್ಬರ ಹೆಸರಿನ ಟಿಕೆಟ್‌ನಲ್ಲಿ ಇನ್ನೊಬ್ಬರು ಹೋಗುವ ಹಾಗಿಲ್ಲ. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದೆ ಪರದಾಡುವುದು ಸಾಮಾನ್ಯ, ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇರಲಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯವಿರುವಾಗ ಕೆಲವು ದಾರಿ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ. ನಂದಿಗೆ ವಾರಾಂತ್ಯದಲ್ಲಿ ವಾಹನಗಳ ಮಿತಿ ಬೇರೆ ಇರುತ್ತದೆ.

ಹೊತ್ತಿನ ಲೆಕ್ಕ

ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಜೂನ್ ಮೊದಲಲ್ಲಿ 5.50ರ ಆಸುಪಾಸು, ಜನವರಿ ಕೊನೆಯಲ್ಲಿ 6.45ರ ಸುಮಾರು. ಚಳಿಗಾಲದಲ್ಲೂ ಹತ್ತು ಗಂಟೆ ದಾಟಿದರೆ ಬರಿ ಬಂಡೆ ಬಿಸಿಯಾಗಿ ಕೆಳಗಿನಿಂದ ಕಾವು ಹೊಡೆಯುತ್ತದೆ, ನೆರಳಿಗೆ ಮರವಿಲ್ಲ. ಮಾರ್ಚ್–ಮೇ ತಿಂಗಳಲ್ಲಿ ಒಂಬತ್ತಕ್ಕೇ ಅದೇ ಗತಿ.

ಸಾಧಾರಣ ನಡಿಗೆಯವರಿಗೆ ಪ್ರತಿ 100 ಮೀಟರ್ ಏರಿಗೆ 25 ನಿಮಿಷ ಹಿಡಿಯಿರಿ. ಇಳಿಯಲು ಅರ್ಧ ಹೊತ್ತು ಸಾಕು ಎಂಬ ಲೆಕ್ಕ ಮಣ್ಣಿನ ದಾರಿಗೆ ಸರಿ, ಹಾಸುಬಂಡೆಗೆ ಅಲ್ಲ; ಹತ್ತಿದಷ್ಟೇ ಹೊತ್ತು ಇಡಿ. ಸಾವನದುರ್ಗಕ್ಕೆ ಹೀಗೆ ಏರಲು ಒಂದೂ ಮುಕ್ಕಾಲು ಗಂಟೆ, ತುದಿಯ ನಂದಿ ಮಂಟಪದಲ್ಲಿ ಅರ್ಧ ಗಂಟೆ, ಇಳಿಯಲು ಒಂದೂ ಮುಕ್ಕಾಲು. ಹತ್ತೂವರೆಗೆ ಕೆಳಗಿರಬೇಕೆಂದರೆ ಆರೂವರೆಗೆ ಹೆಜ್ಜೆ ಇಡಬೇಕು, ಅಂದರೆ ನಗರವನ್ನು ನಾಲ್ಕೂಮುಕ್ಕಾಲಿಗೆ ಬಿಡಬೇಕು. ಗುಂಪಿನಲ್ಲಿ ಒಬ್ಬರು ತಡ ಮಾಡಿದರೆ ಆ ತಡವನ್ನು ತುದಿಯ ವಿರಾಮದಿಂದ ಕಳೆಯಿರಿ, ಇಳಿಯುವ ಹೊತ್ತಿನಿಂದಲ್ಲ. ಎಂಟೂಮುಕ್ಕಾಲಿಗೆ ಎಲ್ಲಿದ್ದರೂ ಹಿಂತಿರುಗುವುದು ಎಂದು ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು.

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು–ಸಿಡಿಲಿನ ಮಳೆ ಬರುತ್ತದೆ. ಬೋಳು ಬಂಡೆಯ ನೆತ್ತಿಯಲ್ಲಿ ಸಿಡಿಲಿಗೆ ಎತ್ತರದ ವಸ್ತು ಎಂದರೆ ನೀವೇ. ಮಳೆ ಬಿದ್ದ ದಿನ ಮತ್ತು ಮರುದಿನ ಬೆಳಿಗ್ಗೆ ಸಾವನದುರ್ಗ ಬೇಡ, ಶಿವಗಂಗೆಯ ಮೆಟ್ಟಿಲಿಗೆ ಬದಲಿಸಿ.

ಶೂ: ಲಾಲ್‌ಬಾಗಿನಲ್ಲಿ ಪರೀಕ್ಷೆ

ದಪ್ಪ ಗಟ್ಟಿ ಹಲ್ಲಿನ ದುಬಾರಿ ಬೂಟು ಪಶ್ಚಿಮ ಘಟ್ಟದ ಕೆಸರಿಗೆ. ಒಣ ಹಾಸುಬಂಡೆಗೆ ಬೇಕಾದದ್ದು ಮೆತ್ತನೆಯ ರಬ್ಬರಿನ, ಹಲ್ಲು ಚಿಕ್ಕದಾದ, ಅಂಗಾಲು ಪೂರ್ತಿ ಬಂಡೆಗೆ ತಾಗುವ ಅಟ್ಟೆ. ಹಿಡಿತ ಬರುವುದು ತಾಗುವ ಜಾಗದಿಂದ. ಹಳೆಯ ಓಟದ ಶೂಗಳಲ್ಲಿ ರಬ್ಬರು ಸವೆದು ಒಳಗಿನ ಬಿಳಿ ಫೋಮ್ ಕಾಣುತ್ತಿದ್ದರೆ ಬಿಸಾಡಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಶೂ ನೋಡಲು ಹೊಸದಿದ್ದರೂ ಅಂಟು ಒಣಗಿ, ನಡುದಾರಿಯಲ್ಲಿ ಅಟ್ಟೆ ಬಾಯಿ ಬಿಡುತ್ತದೆ. ಹವಾಯಿ ಚಪ್ಪಲಿ ಬೇಡವೇ ಬೇಡ.

ಪರೀಕ್ಷೆಗೆ ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಗುಡ್ಡ ಸಾಕು. ಅದೂ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯೇ. ವಾರ ಮುಂಚೆ ಅದೇ ಶೂ, ಅದೇ ಕಾಲುಚೀಲ, ನೀರು ತುಂಬಿದ ಅದೇ ಬ್ಯಾಗ್ ಹಾಕಿಕೊಂಡು ಇಳಿಜಾರಿನ ಕಡೆ ಹತ್ತು ಸಲ ಹತ್ತಿ ಇಳಿಯಿರಿ. ಹೆಬ್ಬೆರಳು ಮುಂದಕ್ಕೆ ತಾಗಿದರೆ ಶೂ ಚಿಕ್ಕದು, ಇಲ್ಲವೇ ಲೇಸ್ ಸಡಿಲ. ಕಾಲುಗುರು ಹಿಂದಿನ ದಿನವೇ ಕತ್ತರಿಸಿ. ಉದ್ದ ಉಗುರು ಇಳಿಜಾರಿನಲ್ಲಿ ಶೂಗೆ ಗುದ್ದಿ ಕಪ್ಪಾಗುತ್ತದೆ.

ಹಾಸುಬಂಡೆಯ ಮೇಲೆ ನಡೆಯುವುದು

ಈ ಬೆಟ್ಟಗಳು ದುಂಡಗಿರುವುದಕ್ಕೆ ಕಾರಣವಿದೆ. ನೆಲದಾಳದ ಒತ್ತಡದಿಂದ ಬಿಡುಗಡೆಯಾದ ಗ್ರಾನೈಟ್ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಇದರಿಂದ ನಡೆಯುವವರಿಗೆ ಎರಡು ತೊಡಕು. ಒಂದು, ಅಲ್ಲಲ್ಲಿ ಬಿಟ್ಟುಕೊಂಡ ಚಕ್ಕೆ ಕಾಲಿಟ್ಟರೆ ಜರುಗುತ್ತದೆ. ಕೋಲಿನಿಂದ ತಟ್ಟಿ, ಪೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕಬೇಡಿ. ಇನ್ನೊಂದು ಹೆಚ್ಚು ಮೋಸದ್ದು: ದುಂಡನೆಯ ಬಂಡೆ ಮೇಲೆ ಸಪಾಟು, ಕೆಳಗಿಳಿದಂತೆ ಕಡಿದು. ಮೇಲೆ ನಿಂತವರಿಗೆ ಮುಂದಿನ ಹತ್ತು ಹೆಜ್ಜೆ ಸುಲಭವಾಗಿ ಕಾಣುತ್ತದೆ, ಅದರಾಚೆ ಏನಿದೆ ಎಂಬುದು ಕಾಣುವುದೇ ಇಲ್ಲ. ದಾರಿ ಬಿಟ್ಟು “ಇಲ್ಲೇ ಹತ್ತಿರ” ಎಂದು ಇಳಿದವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಮುಂದೆ ಹೋಗಲಾರರು, ತಿರುಗಿ ಹತ್ತಲು ಧೈರ್ಯವಿಲ್ಲ.

ಬಂಡೆಯ ಬಣ್ಣ ಓದುವುದನ್ನು ಕಲಿಯಿರಿ. ಬೂದು–ನಸುಗೆಂಪು ಒರಟು ಮೈ ಒಣಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಮೇಲಿನಿಂದ ಕೆಳಗೆ ಇಳಿದ ಕರಿಯ ಪಟ್ಟೆಗಳು ಮಳೆನೀರು ಹರಿಯುವ ಜಾಡು. ಅಲ್ಲಿ ಪಾಚಿ ಕಟ್ಟಿರುತ್ತದೆ, ಇಬ್ಬನಿ ಬಿದ್ದರೂ ಸಾಕು, ಸೋಪು ಬಳಿದಂತೆ ಜಾರುತ್ತದೆ. ದಾಟಲೇಬೇಕಾದರೆ ಪಟ್ಟೆ ಕಿರಿದಾದ ಕಡೆ ಒಂದೇ ಹೆಜ್ಜೆಯಲ್ಲಿ ದಾಟಿ. ಒಣಗಿದ್ದಾಗಲೂ ನಂಬಬಾರದ್ದು ಗರಸು: ಬಂಡೆಯಿಂದ ಉದುರಿದ ಹರಳುಗಳು ಇಳಿಜಾರಿನ ತಗ್ಗುಗಳಲ್ಲಿ ಕೂತಿದ್ದು, ಕಾಲ ಕೆಳಗೆ ಉರುಳುತ್ತವೆ.

ಹತ್ತುವಾಗ ಅಂಗಾಲು ಪೂರ್ತಿ ಊರಿ, ಹಿಮ್ಮಡಿ ಕೆಳಗಿರಲಿ, ಹೆಜ್ಜೆ ಗೇಣುದ್ದ ಸಾಕು. ಹೆದರಿ ಬಂಡೆಗೆ ಅಪ್ಪಿಕೊಂಡಂತೆ ಬಾಗಿದರೆ ಮೈಭಾರ ಕಾಲಿನಿಂದ ಆಚೆ ಹೋಗಿ ಶೂ ಹಿಂದಕ್ಕೆ ಜಾರುತ್ತದೆ. ನೆಟ್ಟಗೆ ನಿಂತಷ್ಟೂ ಹಿಡಿತ ಹೆಚ್ಚು.

ಇನ್ನು ಇಳಿಯುವುದು. ಮೊದಲು ಕೂತು ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಶೂ ಹಿಂದಕ್ಕೆ ತಳ್ಳಿ, ಪಾದದ ಕೀಲಿನ ಹತ್ತಿರದ ತೂತುಗಳಲ್ಲಿ ಬಿಗಿಯಾಗಿ ಕಟ್ಟಿ. ಮೊಣಕಾಲು ಸ್ವಲ್ಪ ಮಡಚಿ, ಸೊಂಟ ತುಸು ಕೆಳಗಿಳಿಸಿ, ಅಂಗಾಲು ಪೂರ್ತಿ ಇಟ್ಟು ಚಿಕ್ಕ ಹೆಜ್ಜೆ. ಕಡಿದಾದ ಕಡೆ ಪಕ್ಕಕ್ಕೆ ತಿರುಗಿ ಅಂಕುಡೊಂಕಾಗಿ ಇಳಿಯಿರಿ. ಹಿಂದಕ್ಕೆ ವಾಲಬೇಡಿ, ಬೀಳುವ ಭಯಕ್ಕೆ ವಾಲುವುದರಿಂದಲೇ ಕಾಲು ಮುಂದಕ್ಕೆ ಕಿತ್ತುಕೊಂಡು ಹೋಗುತ್ತದೆ. ಕೂತು ಜಾರುವ ಅಭ್ಯಾಸವೂ ಬೇಡ: ಕಾಲಿನ ಮೇಲಿದ್ದ ಭಾರ ಪ್ಯಾಂಟಿನ ಬಟ್ಟೆಗೆ ಬರುತ್ತದೆ, ಬಟ್ಟೆಗೆ ರಬ್ಬರಿನ ಹಿಡಿತವಿಲ್ಲ. ತೀರಾ ಕಡಿದು ಎನಿಸಿದರೆ ಬಂಡೆಗೆ ಮುಖ ಮಾಡಿ, ಕೈ ಊರಿ ಹಿಂದಕ್ಕೆ ಇಳಿಯಿರಿ. ಓಡಿದರೆ ನಿಲ್ಲಿಸಲು ಜಾಗವಿಲ್ಲ.

ಬಂಡೆಯ ಮೇಲೆ ಬಣ್ಣದ ಬಾಣಗಳು ಇರುವ ಕಡೆ, ಅವು ಹತ್ತುವವರಿಗೆ ಕಾಣುವ ಹಾಗೆ ಬರೆದಿರುತ್ತವೆ. ಹತ್ತುವಾಗಲೇ ಪ್ರತಿ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಕೆಳಗಿನ ಕೆರೆ, ಗುಡಿ, ಒಂಟಿ ಮರ ಯಾವ ಕಡೆಗಿದೆ ಎಂದು ಫೋಟೊ ತೆಗೆದುಕೊಳ್ಳಿ. ಗುರುತು ಸಿಗದಿದ್ದರೆ ಕೊನೆಯ ಬಾಣದವರೆಗೆ ಮೇಲಕ್ಕೇ ಹತ್ತಿ.

ನೀರು, ಬುತ್ತಿ, ಕೋತಿ

ತಲೆಗೆ ಎರಡು ಲೀಟರ್ ನೀರು, ಮಾರ್ಚ್ ನಂತರ ಮೂರು. ಅದರಲ್ಲಿ ಒಂದು ಲೀಟರ್‌ಗೆ ಓಆರ್‌ಎಸ್‌ನ ಒಂದು ದೊಡ್ಡ ಪೊಟ್ಟಣ ಪೂರ್ತಿ ಬೆರೆಸಿ. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಹಾಕಿದರೆ ಉಪ್ಪು ಹೆಚ್ಚಾಗಿ ಕೆಡುಕೇ. ತಂದ ನೀರು ಅರ್ಧ ಮುಗಿದಾಗ ನೀವು ತುದಿಯಲ್ಲಿರಬೇಕು, ಇಲ್ಲದಿದ್ದರೆ ಹಿಂತಿರುಗಿ. ಮೇಲಿನ ದೊಣೆಗಳ ನೀರು ನೋಡಲು ತಿಳಿ, ಕುಡಿಯಲು ಅಲ್ಲ.

ಬುತ್ತಿಗೆ ಚಪಾತಿ ಸುರುಳಿ, ಕಡಲೆಮಿಠಾಯಿ. ಶಿವಗಂಗೆ, ನಂದಿ, ಅಂತರಗಂಗೆಗಳಲ್ಲಿ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದೇ ಊಟದ ಗಂಟೆ. ತಿಂಡಿಯನ್ನು ಬಟ್ಟೆ ಚೀಲದಲ್ಲಿ ಸುತ್ತಿ ಬ್ಯಾಗಿನೊಳಗಿಡಿ, ಕೈಯಲ್ಲಿ ಏನೂ ಬೇಡ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತದೆ. ಪರಚಿದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ.

ಹೆಜ್ಜೇನು, ಹಾವು

ಬಂಡೆಮುಖದಲ್ಲಿ ತೂಗುವ ಹೆಜ್ಜೇನು ಗೂಡುಗಳ ಹತ್ತಿರ ಸಿಗರೇಟು, ಕೂಗಾಟ, ಸೆಂಟು, ಡ್ರೋನ್ ಯಾವುದೂ ಬೇಡ. ಎದ್ದವೆಂದರೆ ಕೈ ಬೀಸದೆ, ಮುಖ–ಮೂಗನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಬಂದ ದಾರಿಯಲ್ಲೇ ದೂರ ಸರಿಯಿರಿ; ಬಂಡೆಯ ಅಂಚಿನ ಕಡೆ ಮಾತ್ರ ಬೇಡ. ಕೊಂಡಿಗಳನ್ನು ತಡ ಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಊದಿಕೊಂಡರೆ ಕೂಡಲೆ 108.

ಬೆಳಗಿನ ಹೊತ್ತು ಕೊಳಕುಮಂಡಲ ಹುಲ್ಲಂಚಿನಲ್ಲಿ, ಬಂಡೆ ಸಂದಿಯಲ್ಲಿ ಬಿದ್ದಿರುತ್ತದೆ. ಕಾಣದ ಸಂದಿಗೆ ಕೈ ಹಾಕಬೇಡಿ, ನೋಡದೆ ಕೂರಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹೀರುವುದು ಮೂರೂ ತಪ್ಪು. ಉಂಗುರ, ವಾಚು, ಶೂ ತೆಗೆದು, ಆ ಕಾಲನ್ನು ಕೋಲಿಗೆ ಕಟ್ಟಿ ಅಲುಗದಂತೆ ಮಾಡಿ, ಆದಷ್ಟೂ ನಡೆಸದೆ ಹೊತ್ತು ಕೆಳಗಿಳಿಸಿ. ಹಾವಿನ ವಿಷಕ್ಕೆ ಔಷಧ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಆ ಆಸ್ಪತ್ರೆಗೇ ಹೋಗಿ. ನಾಟಿ ವೈದ್ಯರ ಮನೆ ಸುತ್ತಿ ಹೊತ್ತು ಕಳೆಯಬೇಡಿ.

ವಾಪಸು

ರಾಮನಗರದ ಕಡೆ ಬೈಕಿನಲ್ಲಿ ಹೋಗುವವರಿಗೆ ಒಂದು ಮಾತು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅದರಿಂದ ಲಾಭವೂ ಇದೆ. ಎಕ್ಸ್‌ಪ್ರೆಸ್‌ವೇ ಬಿಡದಿಯನ್ನು ಬದಿಗೊತ್ತಿ ಹೋಗುತ್ತದೆ, ತಟ್ಟೆ ಇಡ್ಲಿ ಇರುವುದು ಹಳೆಯ ರಸ್ತೆಯಲ್ಲಿ. ಕಾರಿನವರು ಊಟಕ್ಕೆ ಮುಂಚೆಯೇ ಡ್ರೈವಿಂಗ್ ಯಾರದು ಎಂದು ನಿರ್ಧರಿಸಿಕೊಳ್ಳಿ. ನಾಲ್ಕಕ್ಕೆ ಎದ್ದು, ಬಿಸಿಲಲ್ಲಿ ಇಳಿದು, ನಾಲ್ಕು ತಟ್ಟೆ ಇಡ್ಲಿ ತಿಂದವರಿಗೆ ಕೆಂಗೇರಿ ಬರುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಬದಲಿಗೆ ಡ್ರೈವರ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ ಸೀಟು ಹಿಂದಕ್ಕೆ ಮಾಡಿ ಮಲಗಿ, ಆಮೇಲೆ ಹೊರಡಿ.