ಆಭಾ: ‘ಅಪ್ರೂವ್’ ಒತ್ತುವ ಮೊದಲು ತಾರೀಕು ನೋಡಿ

ಮಂಡಿನೋವಿಗೆಂದು ಆಸ್ಪತ್ರೆಗೆ ಹೋಗಿರುತ್ತೀರಿ. ಕೌಂಟರ್‌ನಲ್ಲಿ ಆಭಾ ನಂಬರ್, ಅಂದರೆ ನಿಮ್ಮ ಡಿಜಿಟಲ್ ಆರೋಗ್ಯ ಖಾತೆಯ ನಂಬರ್ ಕೇಳುತ್ತಾರೆ, ಕೊಡುತ್ತೀರಿ. ಸ್ವಲ್ಪ ಹೊತ್ತಿಗೆ ಫೋನಿಗೆ ಒಂದು ನೋಟಿಫಿಕೇಷನ್. ‘ಸರ್, ಅದೊಂದು ಅಪ್ರೂವ್ ಮಾಡ್ಬಿಡಿ’ ಎಂದು ಒಳಗಿನಿಂದ ಕೂಗುತ್ತಾರೆ. ಹಿಂದೆ ಕ್ಯೂ, ಕಂಕುಳಲ್ಲಿ ಎಕ್ಸ್‌ರೇ ಕವರ್. ಹೆಬ್ಬೆರಳು ಒತ್ತಿಯೇಬಿಡುತ್ತದೆ. ಮೂರು ವರ್ಷದ ಹಿಂದೆ ಮನೋವೈದ್ಯರು ಬರೆದ ಚೀಟಿ ಖಾತೆಗೆ ಜೋಡಣೆಯಾಗಿದ್ದರೆ, ಆ ಒಂದೇ ಒತ್ತಿಗೆ ಅದೂ ಮೂಳೆ ವೈದ್ಯರ ಕಂಪ್ಯೂಟರ್‌ಗೆ ಹೋಗಬಹುದು. ಹಾಗಾಗದಂತೆ ನೋಡಿಕೊಳ್ಳುವ ಕ್ರಮ ಇಲ್ಲಿದೆ.

1. ನಂಬರ್ ನೀವೇ ಮಾಡಿಕೊಳ್ಳಿ

ಆಭಾ ಎಂದರೆ 14 ಅಂಕಿಯ ಆರೋಗ್ಯ ಖಾತೆ. ಚಿಕಿತ್ಸೆಯ ಖರ್ಚು ಭರಿಸುವ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಕಾರ್ಡೇ ಬೇರೆ. ಆಭಾ ಮಾಡಿಸುವುದು ನಿಮ್ಮ ಇಷ್ಟ. ಮಾಡುವುದಿದ್ದರೆ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ವತಃ ಮಾಡಿ. ಪ್ಲೇಸ್ಟೋರ್‌ನಲ್ಲಿ ಹೆಸರಿನ ಕೆಳಗೆ ಪ್ರಕಾಶಕರು ಯಾರೆಂದು ಓದಿಯೇ ಇಳಿಸಿಕೊಳ್ಳಿ. ಸೈಬರ್ ಸೆಂಟರ್‌ನ ಹುಡುಗ ಆಧಾರ್ ಒಟಿಪಿ ನಿಮ್ಮಿಂದ ಕೇಳಿಕೊಂಡು, ಸಂಪರ್ಕದ ಮೊಬೈಲ್ ಜಾಗದಲ್ಲಿ ತನ್ನ ನಂಬರ್ ಹಾಕುವುದುಂಟು. ಕೆಲಸ ಬೇಗ ಮುಗಿಯಲಿ ಎಂದಷ್ಟೇ ಹಾಗೆ ಮಾಡಿದರೂ ಮುಂದೆ ಲಾಗಿನ್ ಒಟಿಪಿ ಹೋಗುವುದು ಅವನ ಫೋನಿಗೆ. ಈಗಾಗಲೇ ಹೊರಗೆ ಮಾಡಿಸಿದವರು ಪ್ರೊಫೈಲ್ ತೆರೆದು ಮೊಬೈಲ್ ನಂಬರ್ ಒಮ್ಮೆ ನೋಡಿಬಿಡಿ. ಪಿವಿಸಿ ಕಾರ್ಡು, ಲ್ಯಾಮಿನೇಷನ್ ಎಂದೆಲ್ಲ ದುಡ್ಡು ಸುರಿಯಬೇಡಿ. ನಂಬರ್ ಗೊತ್ತಿದ್ದರೆ ಸಾಕು.

2. ಕ್ಯೂಆರ್ ಸ್ಕ್ಯಾನ್

ಒಪಿಡಿ ಚೀಟಿಗಾಗಿ ಆಸ್ಪತ್ರೆಯ ಕ್ಯೂಆರ್ ಅನ್ನು ನಿಮ್ಮ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಹೆಸರು, ಹುಟ್ಟಿದ ದಿನ, ವಿಳಾಸ, ಮೊಬೈಲ್ ಇಂಥ ವಿವರವಷ್ಟೇ ಹೋಗುತ್ತದೆ, ರಿಪೋರ್ಟ್ ಹೋಗುವುದಿಲ್ಲ. ಇದಕ್ಕೆ ಹೆದರುವ ಜನ ಮುಂದಿನ ಹಂತದಲ್ಲಿ ಕಣ್ಣುಮುಚ್ಚಿ ಒತ್ತುತ್ತಾರೆ.

3. ಕನ್ಸೆಂಟ್ (ಒಪ್ಪಿಗೆ) ಕೋರಿಕೆ

ಬಹುತೇಕರು ಎಡವುವುದು ಇಲ್ಲೇ. ನಿಮ್ಮ ದಾಖಲೆಗಳು ಯಾವುದೋ ಒಂದು ಸರ್ಕಾರಿ ಗೋದಾಮಿನಲ್ಲಿ ರಾಶಿ ಬಿದ್ದಿಲ್ಲ. ಯಾವ ಆಸ್ಪತ್ರೆ, ಯಾವ ಲ್ಯಾಬ್ ತಯಾರಿಸಿತೋ ಅಲ್ಲೇ ಇರುತ್ತವೆ. ಬೇರೆಯವರು ನೋಡಬೇಕೆಂದರೆ ನಿಮಗೊಂದು ಕೋರಿಕೆ ಕಳಿಸಬೇಕು. ಅಪ್ರೂವ್, ಡಿನೈ (ನಿರಾಕರಿಸಿ) ಎಂಬ ಎರಡು ಗುಂಡಿಯಷ್ಟೇ ಕಾಣುತ್ತದೆ ಎಂದು ಜನ ಅಲ್ಲಿಗೇ ನಿಲ್ಲುತ್ತಾರೆ. ಕೋರಿಕೆಯನ್ನು ಪೂರ್ತಿ ತೆರೆದರೆ ತಿದ್ದಲೂ ಬರುತ್ತದೆ. ಹೀಗೆ ತಿದ್ದಿ:

ಮೊದಲು ಕೇಳಿದವರ ಹೆಸರು. ನೀವು ಕೂತಿರುವ ಆಸ್ಪತ್ರೆಯದೇ ಹೆಸರಿರಬೇಕು. ಇಲ್ಲದಿದ್ದರೆ ಡಿನೈ ಒತ್ತಿ, ಮಾತು ಆಮೇಲೆ.

ಆಮೇಲೆ ದಾಖಲೆಯ ಬಗೆ. ಚೀಟಿ, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮರಿ, ಲಸಿಕೆ ಎಂದು ಪಟ್ಟಿ ಇರುತ್ತದೆ. ಮಂಡಿನೋವಿಗೆ ಲ್ಯಾಬ್ ರಿಪೋರ್ಟ್ ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಸಾಕು. ಡಿಸ್ಚಾರ್ಜ್ ಸಮರಿಯನ್ನು ಹಗುರಾಗಿ ಕೊಡಬೇಡಿ. ಹಳೆಯ ಕಾಯಿಲೆ, ಗರ್ಭಪಾತ, ಕುಡಿತದ ಚಟ ಎಲ್ಲವೂ ಆ ಎರಡು ಪುಟದೊಳಗೇ ಬಂದಿರುತ್ತವೆ. ಅದರಲ್ಲಿ ಅರ್ಧ ಮಾತ್ರ ತೋರಿಸುತ್ತೇನೆಂದರೆ ಆಗದು.

ಮೂರನೆಯದು ತಾರೀಕು. ಇಲ್ಲಿ ಎರಡು ಬೇರೆ ಬೇರೆ ತಾರೀಕುಗಳಿವೆ, ಜನ ಒಂದೇ ಎಂದುಕೊಳ್ಳುತ್ತಾರೆ. ‘ಇಂದ–ವರೆಗೆ’ ಎಂಬುದು ಯಾವ ಅವಧಿಯ ದಾಖಲೆ ಎಂದು ಹೇಳುತ್ತದೆ. ‘ಎಕ್ಸ್‌ಪೈರಿ’ ಎಂಬುದು ಎಲ್ಲಿಯವರೆಗೆ ನೋಡಬಹುದು ಎಂದು. ಮೊದಲನೆಯದನ್ನು ಆರು ತಿಂಗಳಿಗೆ ಇಳಿಸಿ. ಎಕ್ಸ್‌ಪೈರಿ ಒಂದು ವಾರ ಸಾಕು. ಮತ್ತೆ ಬರಹೇಳಿದ್ದರೆ ಆ ದಿನಕ್ಕೆ ಇಡಿ. ಒಂದು ವರ್ಷ ಬೇಕು ಎಂದರೆ ಒಪ್ಪಬೇಡಿ. ಮುಂದಿನ ಸಲ ಬಂದಾಗ ಹೊಸ ಕೋರಿಕೆ ಕಳಿಸಲು ಅವರಿಗೆ ಕಷ್ಟವೇನಿಲ್ಲ.

ಕೊನೆಗೆ ಆಸ್ಪತ್ರೆಗಳ ಪಟ್ಟಿ. ಜೋಡಣೆಯಾದ ಎಲ್ಲ ಆಸ್ಪತ್ರೆಗೂ ಟಿಕ್ ಬಿದ್ದಿದ್ದರೆ ಬೇಡದ್ದನ್ನು ತೆಗೆಯಿರಿ. ಇಷ್ಟಾದ ಮೇಲೆ ಅಪ್ರೂವ್.

ಮುಚ್ಚಿಡುವ ಭರದಲ್ಲಿ ಅಪಾಯ ತಂದುಕೊಳ್ಳಬೇಡಿ. ಔಷಧದ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಖಿನ್ನತೆಯ ಮಾತ್ರೆ ಇವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಬಾಯಿಬಿಟ್ಟು ಹೇಳಲೇಬೇಕು. ಎಚ್‌ಐವಿ ವಿಷಯಕ್ಕೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ: ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಇನ್ನೊಬ್ಬರಿಗೆ ತಿಳಿಸಲು ತೀರಾ ಕಡಿಮೆ ಸಂದರ್ಭಗಳಲ್ಲಷ್ಟೇ ಅವಕಾಶ.

4. ತಿಂಗಳಿಗೊಮ್ಮೆ ಪಟ್ಟಿ ನೋಡಿ

ಕನ್ಸೆಂಟ್ ವಿಭಾಗದಲ್ಲಿ ‘ಗ್ರಾಂಟೆಡ್’ ಪಟ್ಟಿ ತೆರೆದು ಕೆಲಸ ಮುಗಿದವನ್ನು ‘ರಿವೋಕ್’ ಮಾಡಿ, ಅಂದರೆ ಒಪ್ಪಿಗೆ ಹಿಂಪಡೆಯಿರಿ. ಆದರೆ ರಿವೋಕ್ ಮಾಡಿದರೆ ಮುಂದೆ ಹೋಗುವುದು ನಿಲ್ಲುತ್ತದೆ ಅಷ್ಟೆ. ಅಷ್ಟರಲ್ಲಿ ಯಾರೋ ತೆಗೆದ ಪ್ರಿಂಟ್, ಸ್ಕ್ರೀನ್‌ಶಾಟ್ ವಾಪಸ್ ಬರುವುದಿಲ್ಲ. ಒತ್ತುವ ಮೊದಲು ಅಷ್ಟು ಹೊತ್ತು ಕೂರಿಸಿದ್ದು ಅದಕ್ಕೇ. ‘ಆಟೋ ಅಪ್ರೂವ್’ ಆನ್ ಆಗಿದ್ದರೆ ಆಫ್ ಮಾಡಿ. ಖಾತೆಯೇ ಬೇಡವೆನಿಸಿದರೆ ಅಳಿಸಲೂ ಅವಕಾಶವಿದೆ.

5. ವಾಟ್ಸ್‌ಆ್ಯಪ್ ಎಂಬ ತೂತು

ಇಷ್ಟೆಲ್ಲ ಕಾಪಾಡಿದವರು ಲ್ಯಾಬ್ ಕಳಿಸಿದ ಪಿಡಿಎಫ್ ಅನ್ನು ಜೆರಾಕ್ಸ್ ಅಂಗಡಿಯ ನಂಬರಿಗೆ ಫಾರ್ವರ್ಡ್ ಮಾಡುತ್ತಾರೆ. ಅದು ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ‘ಮದುವೆ ಕಾರ್ಡ್ ಫೈನಲ್’ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಪ್ರಿಂಟ್ ಕೈಗೆ ಬಂದ ಕೂಡಲೇ ನಿಂತು ಅಳಿಸಿಸಿ, ರೀಸೈಕಲ್ ಬಿನ್ ಸಮೇತ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಲಾಗ್‌ಔಟ್ ಮಾಡದೆ ಹೊರಡಬೇಡಿ. ಫ್ಯಾಮಿಲಿ ಗ್ರೂಪಿಗೆ ರಿಪೋರ್ಟ್ ಹಾಕುವುದನ್ನಂತೂ ಬಿಟ್ಟೇಬಿಡಿ.

6. ಕಾಗದದ ದಾಖಲೆ

ಆಸ್ಪತ್ರೆಯ ಎಂಆರ್‌ಡಿ, ಅಂದರೆ ದಾಖಲೆ ವಿಭಾಗಕ್ಕೆ ನಿಮ್ಮ ದಾಖಲೆಯ ಪ್ರತಿಗಾಗಿ ಅರ್ಜಿ ಕೊಡಿ. ಹೆಸರು, ಐಪಿ (ಒಳರೋಗಿ) ನಂಬರ್, ದಾಖಲಾದ ದಿನ ಬರೆದು, ‘ಪೂರ್ತಿ ಕೇಸ್‌ ಶೀಟ್‌ನ ಪ್ರತಿ’ ಎಂದೇ ಕೇಳಿ. ಬರೀ ‘ರಿಪೋರ್ಟ್’ ಎಂದರೆ ಡಿಸ್ಚಾರ್ಜ್ ಸಮರಿ ಕೊಟ್ಟು ಕಳಿಸುತ್ತಾರೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ರೋಗಿ ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ ಅದೇ ನಿಯಮ ಹೇಳುತ್ತದೆ, ಹಾಗಾಗಿ ತಡಮಾಡಬೇಡಿ. ನೀವು ಹೋಗಲಾಗದಿದ್ದರೆ ತರುವವರ ಹೆಸರು ಬರೆದು ಸಹಿ ಮಾಡಿದ ಪತ್ರ ಕಳಿಸಿ. ಪತ್ರವಿಲ್ಲದೆ ಬಂದವರು ಅಣ್ಣನೇ ಇರಲಿ, ಅಳಿಯನೇ ಇರಲಿ, ಕೊಡಬಾರದೆಂದು ಅರ್ಜಿಯಲ್ಲೇ ಒಂದು ಸಾಲು ಸೇರಿಸಿ. ಅರ್ಜಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳುವಾಗ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ. 72ರ ಲೆಕ್ಕ ಅಲ್ಲಿಂದ ಶುರು.